ಮಳೆಗಾಲವೂ ಮನೆಯ ಗೋಡೆಯೂ

ಮಳೆ ಹೆಚ್ಚಾಗಿ ಬೀಳುವ ಸೀಮೆಯಲ್ಲಿಯೇ ಮನೆಯ ಗೋಡೆಗಳು ಹೆಚ್ಚಾಗಿ ಕೆಡುವುವೆಂದು ಸಾಮಾನ್ಯವಾದ ನಂಬಿಕೆ. ಇದು ಪೂರ್ತಿಯಾಗಿ ನಿಜವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. ಮೈಸೂರು ನಗರದಲ್ಲಿ ಸುಮಾರು ೮೦೦. ಆದರೂ ಮಲೆನಾಡಿನ ಗೃಹಸ್ಥನು ಮಳೆಯನ್ನು ಎದುರಾಳಿಯೆಂದು ತಿಳಿದೇ ಮನೆ ಕಟ್ಟಿದವನು. ಗೋಡೆಯಿಂದ ಎರಡು ಮೊಳ ಮುಂದಕ್ಕೆ ಚಾಚಿದ ಸೂರು, ಎತ್ತರವಾದ ಕಲ್ಲಿನ ಜಗಲಿ, ಮೃಗಶಿರೆ ಹುಟ್ಟುವ ಮೊದಲೇ ಎರಚಲು ಬೀಳುವ ಕಡೆಗೆ ಕಟ್ಟಿದ ಅಡಕೆಯ ಸೋಗೆಯ ತಟ್ಟಿ, ಇವೆಲ್ಲ ಅವನ ಕೋಟೆ. ಪಟ್ಟಣಿಗರಾದ ನಾವಾದರೋ ಮಳೆಯನ್ನು ಅತಿಥಿಯೆಂದು ಎಣಿಸಿ, ಸೂರನ್ನು ಕತ್ತರಿಸಿ, ತಾರಸಿಯನ್ನು ಚಪ್ಪಟೆಯಾಗಿ ಹಾಸಿ, ಗೋಡೆಗಳನ್ನು ಬರಿಮೈಯಲ್ಲಿ ನಿಲ್ಲಿಸಿದ್ದೇವೆ. ಅತಿಥಿಯು ಒಳಕ್ಕೇ ಬಂದು ನೆಲಸಿದಾಗ ಗಾರೆಯವನನ್ನು ಬೈಯುತ್ತೇವೆ.

ಗೋಡೆಯಲ್ಲಿ ತೇವ ಕಂಡೊಡನೆ ಮಾಡತಕ್ಕ ಮೊದಲನೆಯ ಕೆಲಸವು ದುರಸ್ತಿಯಲ್ಲ, ವಿಚಾರಣೆ. ನೀರು ಎಲ್ಲಿಂದ ಬಂದಿತೆಂಬುದನ್ನು ತಿಳಿಯದೆ ಬಣ್ಣ ಬಳಿಯುವುದು, ಜ್ವರದ ಕಾರಣವನ್ನು ಅರಿಯದೆ ಹಣೆಗೆ ಗಂಧ ಹಚ್ಚಿದಂತೆ. ಅದೃಷ್ಟವಶಾತ್, ನೀರು ತಾನು ಬಂದ ದಾರಿಯ ಗುರುತನ್ನು ಗೋಡೆಯ ಮೇಲೆ ಬರೆದೇ ಇರುತ್ತದೆ. ಕಲೆಯು ಮೇಲ್ಗಡೆ ಚಾವಣಿಯ ಅಂಚಿನಿಂದ ಹೊರಟು ಕೆಳಕ್ಕೆ ನಾಲಗೆಯಂತೆ ಇಳಿದಿದ್ದರೆ, ತಾರಸಿಯ ನೀರು ಹೋಗುವ ಕೊಳವೆ ಎಲೆ ಕಸಗಳಿಂದ ಕಟ್ಟಿರಬೇಕು, ಇಲ್ಲವೆ ತಾರಸಿಯ ಸುತ್ತಣ ಕೈಪಿಡಿಗೋಡೆಯ ಬುಡದಲ್ಲಿ ಬಿರುಕು ಬಿಟ್ಟಿರಬೇಕು. ಗೋಡೆಯ ನಡುವೆ, ಕಿಟಕಿಯ ಕೆಳಗೆ ಕಂಡರೆ, ಎರಚಲಿನದು. ಮುಂಗಾರಿನಲ್ಲಿ ಪಡುವಣ ಗೋಡೆಯನ್ನೂ ಹಿಂಗಾರಿನ ಬಿರುಮಳೆಯಲ್ಲಿ ಮೂಡಣ ಗೋಡೆಯನ್ನೂ ಮೊದಲು ನೋಡಬೇಕು. ಕಿಟಕಿಯ ಮೇಲಣ ಸಜ್ಜದ ಅಡಿಯಲ್ಲಿ, ಹೊರ ಅಂಚಿನ ಸಮೀಪದಲ್ಲಿ, ಬೆರಳಗಲದ ಒಂದು ಗೀರನ್ನು ಕೊರೆದಿದ್ದರೆ ನೀರು ಅಲ್ಲಿಯೇ ತಟಕಿ ಹೊರಕ್ಕೆ ಬೀಳುತ್ತದೆ. ಆ ಗೀರು ಇಲ್ಲದಿದ್ದರೆ ಅದೇ ನೀರು ಸಜ್ಜದ ಅಡಿಮೈಯನ್ನು ಹಿಡಿದು ಹರಿದು ಗೋಡೆಯನ್ನು ಸೇರುತ್ತದೆ. ಇಷ್ಟು ಸಣ್ಣ ಗೀರು ಇಷ್ಟು ದೊಡ್ಡ ಉಪಕಾರ ಮಾಡುವುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಕಲೆಯು ನೆಲದಿಂದ ಮೇಲಕ್ಕೆ ಏರಿ, ಸೊಂಟದ ಎತ್ತರದಲ್ಲಿ ಅಲೆಯಂತಹ ಅಂಚಿನಿಂದ ನಿಂತಿದ್ದರೆ, ವಿಷಯವು ಬೇರೆ. ಹಣತೆಯ ಬತ್ತಿಯು ಎಣ್ಣೆಯನ್ನು ಎಳೆದುಕೊಳ್ಳುವಂತೆ ಇಟ್ಟಿಗೆಯು ತನ್ನ ಸೂಕ್ಷ್ಮರಂಧ್ರಗಳ ಮೂಲಕ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರಿನೊಂದಿಗೆ ಮಣ್ಣಿನ ಲವಣಗಳೂ ಏರುತ್ತವೆ. ನೀರು ಗಾಳಿಗೆ ಆರಿಹೋಗುತ್ತದೆ. ಲವಣವು ಹರಳುಗಟ್ಟಿ, ಹಿಗ್ಗಿ, ಸಾರಣೆಯನ್ನು ಒಳಗಿನಿಂದ ತಳ್ಳುತ್ತದೆ. ಸಾರಣೆ ಉಬ್ಬಿ ಉದುರುವುದಕ್ಕೆ ಇದೇ ಕಾರಣ. ಗೋಡೆಯ ಮೇಲಣ ಬಿಳಿಯ ಹುಡಿಯು ಲವಣವೋ ಬೂಷ್ಟೋ ಎಂಬ ಸಂದೇಹವಿದ್ದರೆ ಒಂದು ಹನಿ ನೀರನ್ನು ಮುಟ್ಟಿಸಿ ನೋಡಬಹುದು: ಲವಣ ಕರಗುತ್ತದೆ, ಬೂಷ್ಟು ಕರಗದು.

ಈ ವಿಷಯದಲ್ಲಿ ನಾವೂ ಬುದ್ಧಿವಂತರಾಗಿ ನಡೆದವರಲ್ಲ. ನಮ್ಮದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಹಳೆಯ ಮನೆ. ನಡುಮನೆಯ ಗೋಡೆಯು ಕೆಳಗೆ ಉದುರಲಾರಂಭಿಸಿದಾಗ, ಬಲ್ಲವರೊಬ್ಬರ ಸಲಹೆಯಂತೆ ನಾಲ್ಕಡಿ ಎತ್ತರಕ್ಕೆ ಗಟ್ಟಿಯಾದ ಸಿಮೆಂಟಿನ ಸಾರಣೆ ಮಾಡಿಸಿದೆವು. ಮೊದಲನೆಯ ವರ್ಷ ಗೋಡೆ ಕನ್ನಡಿಯಂತಿತ್ತು. ಎರಡನೆಯ ವರ್ಷ ತೇವವು ಸಿಮೆಂಟಿನ ಗೆರೆಯನ್ನು ದಾಟಿ ಐದನೆಯ ಅಡಿಯಲ್ಲಿ ಕಾಣಿಸಿಕೊಂಡಿತು! ಸುಣ್ಣದ ಸಾರಣೆಯು ತೇವವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಾಗಿಲು ಮುಚ್ಚಿ ಒಳಗೇ ಕೂಡಿಹಾಕುತ್ತದೆ. ಕೂಡಿಹಾಕಿದ ನೀರು ಮತ್ತೊಂದು ಬಾಗಿಲನ್ನು ಹುಡುಕಿಕೊಂಡು ಮೇಲಕ್ಕೆ ಹೋಗುತ್ತದೆ. ಕಡೆಗೆ ಹೊರಕ್ಕೆ ಹೋಗಿ ನೋಡಿದರೆ, ಅದೇ ಗೋಡೆಯ ಬುಡಕ್ಕೆ ನಾವೇ ಅಕ್ಕರೆಯಿಂದ ಮಣ್ಣು ಏರಿಸಿ ಮಲ್ಲಿಗೆಯ ಪಾತಿ ಮಾಡಿದ್ದೆವು. ಪಾತಿಯ ಮಣ್ಣು ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲಿತ್ತು. “ಗಿಡಕ್ಕೆ ಹೊಯ್ದ ನೀರನ್ನೆಲ್ಲ ಗೋಡೆಯೇ ಕುಡಿಯಿತಲ್ಲಾ” ಎಂದು ನಮ್ಮ ಮನೆಯವರು ಹೇಳಿದ ಮಾತಿಗೆ ಉತ್ತರವಿರಲಿಲ್ಲ. ಪಾತಿಯನ್ನು ತೆಗೆಸಿ, ನೆಲವನ್ನು ಗೋಡೆಯಿಂದಾಚೆಗೆ ಇಳಿಜಾರು ಮಾಡಿಸಿ, ಸಿಮೆಂಟನ್ನು ಕೆತ್ತಿಸಿ, ಗೋಡೆಯನ್ನು ಒಣಗಲು ಬಿಟ್ಟೆವು. ಒಂದು ಅಂಗುಲ ದಪ್ಪ ಒಣಗಲು ಸುಮಾರು ಒಂದು ತಿಂಗಳೆಂದು ಲೆಕ್ಕ. ಒಂಬತ್ತು ಅಂಗುಲದ ಗೋಡೆಯ ಮುಂದೆ ಅವಸರ ಸಲ್ಲದು. ಆಮೇಲೆ ಸುಣ್ಣದ ಗಾರೆಯಿಂದಲೇ ಸಾರಿಸಿದೆವು. ಹೊಸದಾಗಿ ಮನೆ ಕಟ್ಟುವವರು ಪಾಯದ ಮೇಲೆ, ಹೊರನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರದಲ್ಲಿ, ತೇವವನ್ನು ತಡೆಯುವ ಒಂದು ಪದರವನ್ನು ತಪ್ಪದೆ ಹಾಕಿಸತಕ್ಕದ್ದು. ಮುಂದೆ ಗೋಡೆಯನ್ನು ಒಡೆಯಿಸುವುದಕ್ಕಿಂತ ಇದು ಬಹಳ ಅಗ್ಗ.

ಇಷ್ಟು ಹೊತ್ತು ಹೇಳಿದ್ದು ಅಂದಗೇಡಿನ ಮಾತು, ಖರ್ಚಿನ ಮಾತು. ಪ್ರಾಣದ ಮಾತೂ ಒಂದುಂಟು. ಮಣ್ಣಿನ ಗೋಡೆಯು ನೀರು ಕುಡಿದಾಗ ತನ್ನ ಬಲವನ್ನೆಲ್ಲ ಕಳೆದುಕೊಂಡು ತನ್ನ ಭಾರವನ್ನೇ ಹೊರಲಾರದೆ ಹೋಗುತ್ತದೆ. ೨೦೧೯ರ ಆಗಸ್ಟಿನ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆಯ ಸೀಮೆಗಳಲ್ಲಿ ಸಾವಿರಾರು ಮನೆಗಳು ಬಿದ್ದುವು. ಮಣ್ಣಿನ ಮನೆಗಳಿಗೆ ಮಾತ್ರ ಈ ಭಯವೆಂದು ತಿಳಿಯಬೇಡಿ. ೨೦೨೨ರ ಅಕ್ಟೋಬರಿನ ಮಳೆಯಲ್ಲಿ ಮೈಸೂರು ಅರಮನೆಯ ಕೋಟೆಗೋಡೆಯ ಒಂದು ಭಾಗವೇ ಕುಸಿಯಿತು. ಪಟ್ಟಣದ ಸುಶಿಕ್ಷಿತರಾದ ನಾವು ನಮ್ಮ ಹಜಾರದ ಬಣ್ಣವನ್ನು ಪರೀಕ್ಷಿಸುತ್ತೇವೆ. ಹಿತ್ತಿಲಿನಲ್ಲಿ ಕೆಲಸದವರು ಮಲಗುವ ಕೊಠಡಿಯ ಗೋಡೆಯನ್ನು ಎಷ್ಟು ಜನ ಮುಟ್ಟಿ ನೋಡಿದ್ದೇವೆ? ಕಾಂಪೌಂಡಿನ ಗೋಡೆಯ ಆಚೆ ಬದಿಗೆ ಗುಡಿಸಲು ಹಾಕಿಕೊಂಡವರಿದ್ದರೆ ಆ ಗೋಡೆ ಯಾರ ಜವಾಬ್ದಾರಿ? ಹಿಂದುಗಡೆ ಮಣ್ಣನ್ನು ತಡೆದು ನಿಂತ ಗೋಡೆಯಲ್ಲಿ ನೀರು ಹೊರಬೀಳಲು ತೂತುಗಳಿಲ್ಲದಿದ್ದರೆ, ಅಥವಾ ಇದ್ದ ತೂತುಗಳು ಮುಚ್ಚಿಹೋಗಿದ್ದರೆ, ನೆನೆದ ಮಣ್ಣೂ ನೀರೂ ಕೂಡಿ ಅದನ್ನು ನೂಕಿ ಕೆಡವುತ್ತವೆ.

ಆದ್ದರಿಂದ ಬಿರುಕುಗಳ ಮೇಲೆ ಕಣ್ಣಿಟ್ಟಿರಬೇಕು. ಸಾರಣೆಯ ಮೇಲಣ ಕೂದಲೆಳೆಯ ಬಿರುಕಿಗೆ ಹೆದರಬೇಕಾದ್ದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಇಟ್ಟಿಗೆಯನ್ನೇ ಸೀಳಿದ ಬಿರುಕಿನ ಎರಡು ಕಡೆಗೂ ಸೀಸದ ಕಡ್ಡಿಯಿಂದ ಗುರುತು ಹಾಕಿ, ನಡುವಣ ಅಂತರವನ್ನೂ ತಾರೀಖನ್ನೂ ಪಕ್ಕದಲ್ಲಿ ಬರೆದಿಡಿ. ತಿಂಗಳ ನಂತರ ಅಂತರ ಹೆಚ್ಚಿದ್ದರೆ ಬಿರುಕು ಜೀವಂತವಾಗಿದೆ, ಇಂಜಿನಿಯರನ್ನು ಕರೆಯಬೇಕು. ಗೋಡೆಯು ಹೊಟ್ಟೆ ಬಿಟ್ಟಿದ್ದರೆ, ತೂಗುಗುಂಡಿನ ದಾರಕ್ಕೆ ಓರೆಯಾಗಿದ್ದರೆ, ನಿನ್ನೆಯವರೆಗೆ ಸರಾಗವಾಗಿದ್ದ ಬಾಗಿಲು ಇಂದು ಚೌಕಟ್ಟಿನಲ್ಲಿ ಬಿಗಿದರೆ, ರಾತ್ರಿ ಗೋಡೆಯಿಂದ ಮಣ್ಣು ಉದುರುವ ಸದ್ದಾದರೆ, ಆ ಕೊಠಡಿಯಲ್ಲಿ ಯಾರನ್ನೂ ಮಲಗಗೊಡಬಾರದು. ಮಳೆ ನಿಂತಿತಲ್ಲಾ ಎಂದು ಧೈರ್ಯ ತಾಳುವುದೂ ತಪ್ಪು. ಗೋಡೆಯೊಳಗಿನ ನೀರು ಮಳೆಯೊಡನೆ ನಿಲ್ಲುವುದಿಲ್ಲ. ಒದ್ದೆಯಾದ ಗೋಡೆಯಲ್ಲಿ ವಿದ್ಯುತ್ತಿನ ತಂತಿಯಿದ್ದರೆ ಆ ಸ್ವಿಚ್ಚನ್ನು ಮುಟ್ಟದೆ ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು.

ಗೋಡೆಯ ಸಂದಿಯಲ್ಲಿ ಹುಟ್ಟುವ ಅರಳಿಯ ಸಸಿಯ ಮಾತನ್ನು ಮರೆಯುವಂತಿಲ್ಲ. ಹಕ್ಕಿಯ ಹಿಕ್ಕೆಯಿಂದ ಬಂದ ಬೀಜ ಎರಡೆಲೆಯಾದಾಗಲೇ ಬೇರುಸಹಿತ ಎಳೆದರೆ ಎರಡು ಬೆರಳಿನ ಕೆಲಸ. ಅರಳಿಯನ್ನು ಕೀಳಬಾರದೆಂಬ ಭಕ್ತಿಯುಳ್ಳವರು ಅದನ್ನು ಕುಂಡದಲ್ಲಿ ನೆಟ್ಟು ಬೆಳಸಬಹುದು. ಮೇಲೆ ಕತ್ತರಿಸಿದರೆ ಮಾತ್ರ ಪ್ರಯೋಜನವಿಲ್ಲ. ಬೇರು ಒಳಗೇ ಬೆಳೆದು ಬಿರುಕನ್ನು ಅಗಲಿಸಿ, ಮಳೆಗೆ ಹೆದ್ದಾರಿಯನ್ನು ಮಾಡಿಕೊಡುತ್ತದೆ.

ಮುಂದಿನ ಸಾರಿ ಜೋರಾಗಿ ಮಳೆ ಹಿಡಿದಾಗ, ಗುಡುಗು ಮಿಂಚುಗಳಿಲ್ಲದಿದ್ದರೆ, ಕೊಡೆ ಹಿಡಿದು ಮನೆಯ ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಯಾವ ಕೊಳವೆಯ ನೀರು ಗೋಡೆಗೆ ಹೊಡೆಯುತ್ತದೆ, ಎಲ್ಲಿ ನೀರು ಮಡುಗಟ್ಟುತ್ತದೆ, ಸೂರಿನ ಹನಿ ನೆಲಕ್ಕೆ ಬಿದ್ದು ಗೋಡೆಯ ಬುಡಕ್ಕೆ ಎಷ್ಟೆತ್ತರ ಸಿಡಿಯುತ್ತದೆ, ಇವು ಬಿಸಿಲಿನಲ್ಲಿ ಕಾಣತಕ್ಕ ಸಂಗತಿಗಳಲ್ಲ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೊಳವೆಯ ಕಸವನ್ನು ಅಂದೇ ತೆಗೆಸಬಹುದು. ಸಾರಣೆಯ ಕೆಲಸಕ್ಕೆ ಗೋಡೆ ಒಣಗುವ ಬೇಸಗೆಯೇ ಬರಬೇಕು. ಏಪ್ರಿಲಿನಲ್ಲಿ ಊರಿನವರೆಲ್ಲರೂ ಗಾರೆಯವನನ್ನು ಹುಡುಕುವುದರಿಂದ, ಸಂಕ್ರಾಂತಿ ಕಳೆದೊಡನೆಯೇ ಅವನಿಗೆ ಹೇಳಿಕಳುಹಿಸುವುದು ಲೇಸು.