ಗುಜರಿಗೆ ಹಾಕೋ ಮುಂಚೆ ಒಂದ್ಸಲ ಬೆರಳಿಟ್ಟು ನೋಡಿ: ಹಳೇ ಸ್ಪೀಕರ್ ಜೋಡಿಗೆ ಮನೆಯಲ್ಲೇ ಮರುಜೀವ

ನೀವು ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ದೀರಿ ಅಂದ್ಕೊಂಡು ಶುರು ಮಾಡ್ತೀನಿ. ಇವತ್ತಿನ ಮಾತು ಹಳೇ ಹೈ-ಫೈ ಸ್ಪೀಕರ್‌ಗಳ ಬಗ್ಗೆ. ಅಜ್ಜನ ಮನೆ ಅಟ್ಟದಲ್ಲಿ, ಇಲ್ಲಾಂದ್ರೆ ದೊಡ್ಡಪ್ಪನ ಮನೆ ಹಾಲ್‌ನಲ್ಲಿ ಹೂದಾನಿ ಹೊತ್ಕೊಂಡು ಎರಡು ಮರದ ಪೆಟ್ಟಿಗೆ ಕೂತಿರುತ್ತಲ್ಲ, ಅವೇ.

1970-80ರ ದಶಕದಲ್ಲಿ ಒಂದು ಒಳ್ಳೆ ಮ್ಯೂಸಿಕ್ ಸಿಸ್ಟಂ ತಗೊಳ್ಳೋದು ಸಣ್ಣ ವಿಷಯ ಆಗಿರಲಿಲ್ಲ. ವಿದೇಶಿ ಮಾಲು ಸುಲಭಕ್ಕೆ ಸಿಗ್ತಾ ಇರಲಿಲ್ಲ. ಕೋಲ್ಕತ್ತಾದ ಸೋನೋಡೈನ್, ಕಾಸ್ಮಿಕ್ ಥರದ ನಮ್ಮ ದೇಶದ ಬ್ರ್ಯಾಂಡ್‌ಗಳು ಇದ್ದವು. ಯಾರಾದ್ರೂ ಗಲ್ಫ್‌ನಿಂದ ವಾಪಸ್ ಬಂದ್ರೆ ಜಪಾನಿನ ಸೆಟ್ ಬರ್ತಾ ಇತ್ತು. ಆಗ ಅಷ್ಟು ಕಷ್ಟಪಟ್ಟು ಕೊಂಡ ಪೆಟ್ಟಿಗೆಗಳು ಈಗ ಗುಜರಿ ಅಂಗಡಿಗೆ ಕೆಜಿ ಲೆಕ್ಕದಲ್ಲಿ ಹೋಗ್ತಾ ಇವೆ. ಕಾರಣ ಕೇಳಿದ್ರೆ, "ಅದು ಸತ್ತೋಗಿದೆ, ಬರೀ ಗರ್ ಗರ್ ಅನ್ನುತ್ತೆ" ಅಂತಾರೆ.

ನನ್ನ ವಾದ ಇಷ್ಟೇ. ಅದು ಸತ್ತಿಲ್ಲ. ಸಾಮಾನ್ಯವಾಗಿ ಅದರಲ್ಲಿ ಹಾಳಾಗಿರೋದು ಎರಡೇ ಎರಡು ಅಗ್ಗದ ವಸ್ತು. ಇನ್ನೂ ಒಂದು ಮಾತು ಸೇರಿಸ್ತೀನಿ: ನೀವು ಉಳಿಸಬೇಕಾದದ್ದು ಬರೀ ಒಂದು ಪೆಟ್ಟಿಗೆಯನ್ನಲ್ಲ, ಒಂದು ಜೋಡಿಯನ್ನ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ.

ಹಾಳಾಗೋದು ಏನು?

ಮುಂದಿನ ಬಟ್ಟೆಯ ಜಾಲರಿ ತೆಗೀರಿ. ದೊಡ್ಡ ಕೋನ್ ಕಾಣ್ಸುತ್ತೆ, ಅದು ವೂಫರ್. ಆ ಕೋನ್‌ನ ಅಂಚಿಗೂ ಲೋಹದ ಚೌಕಟ್ಟಿಗೂ ನಡುವೆ ಉಂಗುರದ ಥರ ಒಂದು ಮೆತ್ತನೆ ಪಟ್ಟಿ ಇರುತ್ತೆ. ಅದನ್ನ ಬೆರಳಿಂದ ಮೆಲ್ಲಗೆ ಮುಟ್ಟಿ. ಒಣಗಿದ ಕೇಕ್ ಥರ ಉದುರಿದ್ರೆ ಅದು ಫೋಮ್, ಅದರ ಆಯಸ್ಸು ಮುಗಿದಿದೆ. ಪಾಲಿಯುರೇಥೇನ್ ಫೋಮ್ ಗಾಳಿಯ ತೇವಾಂಶಕ್ಕೆ, ಆಮ್ಲಜನಕಕ್ಕೆ ಸಿಕ್ಕಿ ತಾನಾಗೇ ಕರಗುತ್ತೆ. ಬಳಸಿದ್ರೂ ಹಾಳಾಗುತ್ತೆ, ಬಳಸದೇ ಇಟ್ರೂ ಹಾಳಾಗುತ್ತೆ. ಆ ಪಟ್ಟಿ ರಬ್ಬರ್ ಅಥವಾ ಬಟ್ಟೆಯದ್ದಾಗಿದ್ರೆ ಹೀಗೆ ಪುಡಿಯಾಗಲ್ಲ. ಅದನ್ನ ಕೀಳೋಕೆ ಹೋಗಬೇಡಿ.

ಒಂದು ಪಟ್ಟಿಗೆ ಯಾಕಿಷ್ಟು ಮಹತ್ವ? ಶಬ್ದದ ಆವರ್ತನ ಅರ್ಧಕ್ಕೆ ಇಳಿದ್ರೆ, ಅಷ್ಟೇ ಜೋರಾಗಿ ಕೇಳಿಸೋಕೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ತಬಲಾದ ಬಾಯಾಂ, ಡೊಳ್ಳು, ಬೇಸ್ ಗಿಟಾರ್ ಎಲ್ಲ ಬರೋದು ಹಾಗೇನೇ. 8 ಇಂಚಿನ ವೂಫರ್ ಸುಮಾರು 200 ಚದರ ಸೆಂಟಿಮೀಟರ್ ಗಾಳಿಯನ್ನ ತಳ್ಳುತ್ತೆ. ನಿಮ್ಮ ಫೋನಿನ ಸ್ಪೀಕರ್ ಉಗುರಿನಷ್ಟಗಲ. ಯಾವ ಈಕ್ವಲೈಸರ್ ಆ್ಯಪ್ ಹಾಕಿದ್ರೂ ಆ ಗಾಳಿಯನ್ನ ಹುಟ್ಟಿಸೋಕೆ ಆಗಲ್ಲ.

ಎರಡನೇದು ಕೆಪಾಸಿಟರ್. ಪೆಟ್ಟಿಗೆಯೊಳಗೆ ಕ್ರಾಸೋವರ್ ಅಂತ ಒಂದು ಪುಟ್ಟ ಬೋರ್ಡ್ ಇರುತ್ತೆ. ದಪ್ಪ ಶಬ್ದ ವೂಫರ್‌ಗೆ, ತೆಳು ಶಬ್ದ ಟ್ವೀಟರ್‌ಗೆ ಅಂತ ದಾರಿ ಬೇರೆ ಮಾಡೋದು ಅದರ ಕೆಲಸ. 8 ಓಮ್‌ನ ಟ್ವೀಟರ್‌ಗೆ 4 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಸುಮಾರು 5000 ಹರ್ಟ್ಜ್‌ನಿಂದ ಮೇಲಿನದ್ದು ಮಾತ್ರ ಸರಾಗವಾಗಿ ಹೋಗುತ್ತೆ. ಹಳೇ ಪೆಟ್ಟಿಗೆಗಳಲ್ಲಿ ಇರೋದು ಹೆಚ್ಚಾಗಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ವರ್ಷಗಳು ಕಳೆದ ಹಾಗೆ ಒಣಗುತ್ತೆ. ಆಗ ಟ್ವೀಟರ್ ಮಂಕಾಗುತ್ತೆ.

ಇವೆರಡನ್ನ ಬಿಟ್ರೆ ಅಯಸ್ಕಾಂತ, ಕಾಯಿಲ್, ಮರ ಇವೆಲ್ಲ ಇನ್ನೂ ಎಷ್ಟೋ ವರ್ಷ ಬಾಳೋವಂಥವು.

ಮೊದಲು ಪರೀಕ್ಷೆ

ನನ್ನ ಸೋದರಮಾವ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೋರು. ಈ ವರ್ಷ ಮನೆ ಖಾಲಿ ಮಾಡಿ ಬೆಂಗಳೂರಿಗೆ, ಮಗನ ಫ್ಲ್ಯಾಟ್‌ಗೆ ಬಂದ್ರು. ಸಾಮಾನು ಕಟ್ಟೋವಾಗ ಅತ್ತೆ, "ಈ ಡಬ್ಬಗಳನ್ನ ಅಲ್ಲಿಗೂ ಹೊತ್ಕೊಂಡು ಬರ್ತೀರಾ?" ಅಂದ್ರು. ಮಗ ಬ್ಲೂಟೂತ್ ಸ್ಪೀಕರ್ ಕೊಡಿಸ್ತೀನಿ ಅಂದ. ಮಾವ ಏನೂ ಮಾತಾಡಲಿಲ್ಲ. ಚೀಟಿ ಎತ್ತಿ ಕೊಂಡಿದ್ದ ಸ್ಪೀಕರ್ ಅದು. "ಒಂದು ತಿಂಗಳು ನನಗೆ ಕೊಡಿ ಮಾವ, ಆಗದಿದ್ರೆ ನಾನೇ ಗುಜರಿಗೆ ಹಾಕ್ತೀನಿ" ಅಂತ ನಾನು ತಗೊಂಡ್ ಬಂದೆ.

ಮೊದಲು ಮಲ್ಟಿಮೀಟರ್ ತಗೊಳ್ಳಿ. ವೈರ್ ಬಿಚ್ಚಿ, ವೂಫರ್‌ನ ಎರಡು ಟರ್ಮಿನಲ್‌ಗೆ ಇಡಿ. 8 ಓಮ್ ಅಂತ ಬರೆದಿರೋ ಸ್ಪೀಕರ್ ಮೀಟರ್‌ನಲ್ಲಿ 6ರ ಆಸುಪಾಸು ತೋರಿಸುತ್ತೆ. ಅದು ದೋಷ ಅಲ್ಲ. ಏನೂ ತೋರಿಸದಿದ್ರೆ ಮಾತ್ರ ಒಳಗೆ ತಂತಿ ಕಡಿದಿದೆ ಅಂತ ಅರ್ಥ. ಆಮೇಲೆ 1.5 ವೋಲ್ಟ್‌ನ ಪೆನ್ಸಿಲ್ ಸೆಲ್ ಒಂದನ್ನ ಕ್ಷಣಮಾತ್ರ ತಾಗಿಸಿ. ಕೋನ್ ಟಪ್ ಅಂತ ಅಲ್ಲಾಡಬೇಕು. ಸೆಲ್‌ನ ಪ್ಲಸ್ ಅನ್ನ ಕೆಂಪು ಟರ್ಮಿನಲ್‌ಗೆ ಕೊಟ್ರೆ ಸಾಮಾನ್ಯವಾಗಿ ಕೋನ್ ಮುಂದಕ್ಕೆ ಬರುತ್ತೆ. ಎರಡೂ ಪೆಟ್ಟಿಗೆಯಲ್ಲಿ ಒಂದೇ ದಿಕ್ಕಿಗೆ ಬರ್ತಾ ಇದೆಯಾ ನೋಡಿ. ಟ್ವೀಟರ್‌ಗೆ ಮಾತ್ರ ಸೆಲ್ ತಾಗಿಸಬೇಡಿ, ಅದರ ತಂತಿ ಬಹಳ ಸೂಕ್ಷ್ಮ. ಮೀಟರ್ ಸಾಕು.

ಮಾವನ ಜೋಡಿಯಲ್ಲಿ ಎರಡೂ ವೂಫರ್ ಜೀವಂತ. ಫೋಮ್ ಪೂರ್ತಿ ಪುಡಿ. ಬಲಗಡೆ ಟ್ವೀಟರ್ ಮಾತ್ರ ನಿಜವಾಗ್ಲೂ ಸತ್ತಿತ್ತು.

ಫೋಮ್ ಹಾಕೋದು

ಫೋಮ್ ಉಂಗುರಗಳು ಆನ್‌ಲೈನ್‌ನಲ್ಲಿ ಸಿಗುತ್ತೆ. ಬೆಂಗಳೂರಿನವರಾದ್ರೆ ಎಸ್‌ಪಿ ರೋಡ್‌ನಲ್ಲಿ ಸುತ್ತಿ ನೋಡಬಹುದು. "8 ಇಂಚು ಕೊಡಿ" ಅಂದ್ರೆ ಸಾಲದು. ಕೋನ್‌ನ ಹೊರ ಅಂಚಿನ ವ್ಯಾಸ, ಚೌಕಟ್ಟಿನಲ್ಲಿ ಫೋಮ್ ಕೂರೋ ಜಾಗದ ವ್ಯಾಸ, ಎರಡನ್ನೂ ಮಿಲಿಮೀಟರ್‌ನಲ್ಲಿ ಅಳೆದು ತಗೊಂಡು ಹೋಗಿ.

ವೂಫರ್ ಬಿಚ್ಚೋವಾಗ ಹುಷಾರು. ಹಿಂದಿರೋ ಅಯಸ್ಕಾಂತ ಸ್ಕ್ರೂಡ್ರೈವರನ್ನ ಎಳ್ಕೊಂಡು ಕೋನ್ ತೂತು ಮಾಡಿಬಿಡುತ್ತೆ. ಕೋನ್ ಮೇಲೆ ಒಂದು ರಟ್ಟು ಮುಚ್ಚಿ ಕೆಲಸ ಮಾಡಿ. ವೈರ್‌ಗಳ ಜಾಗವನ್ನ ಬಿಚ್ಚೋ ಮುಂಚೆ ಫೋನಿನಲ್ಲಿ ಫೋಟೋ ತಗೊಳ್ಳಿ.

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯೋದು ಹಳೇ ಅಂಟು ತೆಗೆಯೋದು. ಐಸೋಪ್ರೊಪೈಲ್ ಆಲ್ಕೋಹಾಲ್, ಇಯರ್ ಬಡ್ಸ್, ಮೊಂಡು ಚಾಕು, ಮತ್ತೆ ತಾಳ್ಮೆ. ಒಂದೊಂದು ವೂಫರ್‌ಗೆ ನನಗೆ ಒಂದೊಂದು ಸಂಜೆ ಹಿಡೀತು. ಪೇಪರ್ ಕೋನನ್ನ ನೆನೆಸಬೇಡಿ, ಸ್ವಲ್ಪ ಸ್ವಲ್ಪವೇ ಒರೆಸಿ.

ಅಂಟಿಸೋದು ಎರಡು ಹಂತದಲ್ಲಿ. ಮೊದಲು ಫೋಮನ್ನ ಕೋನ್‌ಗೆ ಅಂಟಿಸಿ ಒಣಗೋಕೆ ಬಿಡಿ. ಆಮೇಲೆ ಹೊರ ಅಂಚನ್ನ ಚೌಕಟ್ಟಿಗೆ ಅಂಟಿಸಿ. ಕೋನ್ ನಡುವಲ್ಲಿ ಕೂತಿದೆಯಾ ಅನ್ನೋದು ತೀರ್ಮಾನ ಆಗೋದು ಈ ಎರಡನೇ ಹಂತದಲ್ಲಿ. ಕಾಯಿಲ್‌ಗೂ ಅಯಸ್ಕಾಂತಕ್ಕೂ ನಡುವೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಜಾಗ. ಅಂಟು ಹಸಿ ಇರೋವಾಗಲೇ ಎರಡೂ ಕಡೆ ಬೆರಳಿಟ್ಟು ಕೋನನ್ನ ಮೆಲ್ಲಗೆ ಒಳಗೆ ಒತ್ತಿ ಬಿಡಿ. ಕರಕರ ಅಂದ್ರೆ ಎಲ್ಲೋ ಉಜ್ತಾ ಇದೆ, ಕೂದಲೆಳೆಯಷ್ಟು ಸರಿಸಿ. ಸದ್ದಿಲ್ಲದೆ ಓಡಾಡಿದ್ರೆ ಸರಿ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಆಂಪ್ಲಿಫೈಯರ್ ಮೂಲಕ 30 ಹರ್ಟ್ಜ್ ಸಣ್ಣದಾಗಿ ಕೊಟ್ಟೂ ನೋಡಬಹುದು. ಆಮೇಲೆ 24 ಗಂಟೆ ಮುಟ್ಟಬೇಡಿ.

ವೂಫರ್ ವಾಪಸ್ ಕೂರಿಸೋವಾಗ ಸುತ್ತಲಿನ ಗ್ಯಾಸ್ಕೆಟ್ ನೋಡಿ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಅನ್ನೋ ಸ್ಪೀಕರ್ ಮಾಡಿದ್ರು. ಪೆಟ್ಟಿಗೆಯನ್ನ ಗಾಳಿ ಆಡದ ಹಾಗೆ ಮುಚ್ಚಿ, ಒಳಗಿನ ಗಾಳಿಯನ್ನೇ ಕೋನ್‌ಗೆ ಸ್ಪ್ರಿಂಗ್ ಆಗಿ ಬಳಸೋದು ಅವರ ಉಪಾಯ. ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಬೇಸ್ ಸಾಧ್ಯ ಆಗಿದ್ದು ಹಾಗೆ. ನಿಮ್ಮ ಪೆಟ್ಟಿಗೆಗೆ ತೂತು ಇಲ್ಲದಿದ್ರೆ ಅದೂ ಅದೇ ಜಾತಿ. ಗಾಳಿ ಸೋರಿದ್ರೆ ಆ ಸ್ಪ್ರಿಂಗ್ ಇಲ್ಲ.

ಜೋಡಿ ಅಂದ್ರೆ ಏನು?

ಈಗ ಜೋಡಿಯ ವಿಷಯಕ್ಕೆ ಬರೋಣ. ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್‌ಲೀನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ರು. ಎರಡು ಸ್ಪೀಕರ್ ಸರಿಯಾಗಿ ಒಂದೇ ಥರ ನುಡಿದ್ರೆ, ಧ್ವನಿ ಎರಡರಿಂದಲೂ ಬಾರದೆ ನಡುವಿನ ಖಾಲಿ ಜಾಗದಿಂದ ಬಂದ ಹಾಗೆ ಕೇಳಿಸುತ್ತೆ. ಸ್ಟೀರಿಯೋದ ಆಟ ಎಲ್ಲ ನಿಂತಿರೋದು ಇದರ ಮೇಲೆ. ಒಂದೇ ಡಬ್ಬದ ಬ್ಲೂಟೂತ್ ಸ್ಪೀಕರ್‌ನಲ್ಲಿ ಎಡ ಬಲಗಳ ನಡುವೆ ಗೇಣು ಜಾಗವೂ ಇರಲ್ಲ.

ಹಾಗಾಗಿ ಒಂದು ಕಡೆ ಫೋಮ್ ಹೋಗಿದ್ರೂ ಎರಡೂ ಕಡೆ ಹಾಕಿ. ಒಂದು ಕೆಪಾಸಿಟರ್ ಬದಲಾಯಿಸಿದ್ರೆ ಇನ್ನೊಂದನ್ನೂ ಬದಲಾಯಿಸಿ, ಅದೇ ಬೆಲೆಯ ಮೈಕ್ರೋಫ್ಯಾರಡ್, ಅದೇ ಜಾತಿ. "ದೊಡ್ಡದು ಹಾಕಿದ್ರೆ ಇನ್ನೂ ಚೆನ್ನಾಗಿ ಬರುತ್ತೆ" ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ದೊಡ್ಡದು ಹಾಕಿದ್ರೆ ಟ್ವೀಟರ್ ತಡೆಯಲಾರದ ಶಬ್ದವೂ ಅದಕ್ಕೆ ಹೋಗುತ್ತೆ.

ಕಷ್ಟ ಆಗಿದ್ದು ಟ್ವೀಟರ್ ವಿಷಯದಲ್ಲಿ. ಅದೇ ಮಾದರಿಯದ್ದು ಎಲ್ಲೂ ಸಿಗಲಿಲ್ಲ. ಅಳತೆ, ಓಮ್, ಡೆಸಿಬೆಲ್ ಹತ್ತಿರ ಹತ್ತಿರ ಹೊಂದೋ ಹೊಸ ಜೋಡಿಯೊಂದು ಸಿಕ್ತು. ಎರಡೂ ಬದಲಾಯಿಸ್ತೀನಿ ಅಂದಾಗ ಮಾವ ಒಪ್ಪಲಿಲ್ಲ. "ಎಡಗಡೆದು ಚೆನ್ನಾಗೇ ಇದೆಯಲ್ಲೋ, ಯಾಕೋ ಕೀಳ್ತೀಯಾ? ಕಂಪನಿಯಿಂದ ಬಂದ ಹಾಗೇ ಇರಲಿ" ಅಂದ್ರು. ಅವರ ಮಾತಲ್ಲೂ ನ್ಯಾಯ ಇತ್ತು. ಹಳೇ ವಸ್ತುವಿನಿಂದ ಮೂಲ ಭಾಗ ತೆಗೆದ್ರೆ ಅದರ ಬೆಲೆ ಕಮ್ಮಿ ಆಗುತ್ತೆ, ಮತ್ತೆ ಆ ಸ್ಪೀಕರ್‌ನ ಸ್ವಂತ ದನಿಯೂ ಸ್ವಲ್ಪ ಬದಲಾಗುತ್ತೆ.

"ಕೇಳಿ ಹೇಳಿ ಮಾವ" ಅಂತ ಬಲಗಡೆಗೆ ಮಾತ್ರ ಹೊಸದು ಜೋಡಿಸಿ, 1960ರ ದಶಕದ ಪಿ.ಬಿ. ಶ್ರೀನಿವಾಸ್ ಹಾಡೊಂದನ್ನ ಹಾಕಿದೆ. ಆ ಕಾಲದ ನಮ್ಮ ಸಿನಿಮಾ ಹಾಡುಗಳು ಮೋನೋ, ಅಂದ್ರೆ ಎರಡೂ ಕಡೆ ಹೋಗೋದು ಒಂದೇ ಶಬ್ದ. ಜೋಡಿ ಸರಿ ಇದ್ರೆ ಗಾಯಕರು ಸರಿಯಾಗಿ ನಡುವೆ ನಿಂತಿರಬೇಕು. ಹಳೇ ಸ್ಪೀಕರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ, ನೀವೂ ಮಾಡಿ. ಮಾವ ನಡುವೆ ಕುರ್ಚಿ ಹಾಕ್ಕೊಂಡು ಕೂತು ಎರಡು ನಿಮಿಷ ಕೇಳಿದ್ರು. ಸ್ವರ ನಡುವೆ ಇತ್ತು, ಆದ್ರೆ 'ಸ', 'ಶ' ಬಂದಾಗೆಲ್ಲ ಶಬ್ದ ಬಲಕ್ಕೆ ಜಾರ್ತಾ ಇತ್ತು. "ಹಾಡೋರು ಇಲ್ಲಿದ್ದಾರೆ, ಅವರ ಹಲ್ಲು ಮಾತ್ರ ಅಲ್ಲಿದೆಯಲ್ಲೋ" ಅಂದ್ರು. ಆಮೇಲೆ ಅವರೇ, "ಎರಡೂ ಬದಲಾಯಿಸು, ಹಳೇದನ್ನ ಮಾತ್ರ ಬಿಸಾಡಬೇಡ" ಅಂದ್ರು. ಹಳೇ ಟ್ವೀಟರ್‌ಗಳನ್ನ ಬಟ್ಟೆಯಲ್ಲಿ ಸುತ್ತಿ, ಯಾವುದು ಎಡ ಯಾವುದು ಬಲ ಅಂತ ಚೀಟಿ ಬರೆದು ಇಟ್ಟಿದ್ದೀನಿ. ಮುಂದೆ ಯಾವತ್ತಾದ್ರೂ ಜೋಡಿ ಸಿಕ್ಕಿದ್ರೆ ವಾಪಸ್ ಹಾಕಬಹುದು. ಅದಕ್ಕೇ ಮರ ಕೊರೆಯೋದು, ಹೊಸ ತೂತು ಹೊಡೆಯೋದು ಯಾವುದನ್ನೂ ಮಾಡಲಿಲ್ಲ.

ಮೂರು ಎಚ್ಚರಿಕೆ

ಒಂದು, ಇಲ್ಲಿ ಹೇಳಿದ್ದೆಲ್ಲ ಸ್ಪೀಕರ್ ಪೆಟ್ಟಿಗೆಗೆ ಮಾತ್ರ. ಆಂಪ್ಲಿಫೈಯರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರಬಹುದು. ಅದು ಗೊತ್ತಿರೋರ ಕೆಲಸ.

ಎರಡು, ಮರಕ್ಕೆ ಅಗಸೆ ಎಣ್ಣೆ ಹಚ್ಚಿದ್ರೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ, ಹೊರಗೆ ಒಣಗಿಸಿ.

ಮೂರು, ಎಲ್ಲಾ ಪೆಟ್ಟಿಗೆಯನ್ನೂ ಉಳಿಸೋಕೆ ಆಗಲ್ಲ. ಮಲೆನಾಡಿನ ಮಳೆಗೆ ಪಾರ್ಟಿಕಲ್ ಬೋರ್ಡ್ ಉಬ್ಬಿ ಬಿರಿದಿದ್ರೆ, ಗೆದ್ದಲು ಒಳಗೆ ಹೊಕ್ಕಿದ್ರೆ, ಎರಡೂ ವೂಫರ್‌ನ ಕಾಯಿಲ್ ಸುಟ್ಟಿದ್ರೆ ಅಲ್ಲಿಗೆ ಬಿಡಿ. ಇರೋ ಒಳ್ಳೆ ಭಾಗಗಳು ಇನ್ಯಾರದೋ ಜೋಡಿಗೆ ಆಗುತ್ತೆ, ರಿಪೇರಿ ಅಂಗಡಿಗೆ ಕೊಡಿ.

ಫೋಮ್, ಕೆಪಾಸಿಟರ್, ಅಂಟು, ಟ್ವೀಟರ್ ಎಲ್ಲಾ ಸೇರಿ ನನಗೆ ಮೂರೂವರೆ ಸಾವಿರ ರೂಪಾಯಿ ಒಳಗೆ ಮುಗೀತು. ಟ್ವೀಟರ್ ಚೆನ್ನಾಗಿದ್ದಿದ್ರೆ ಅದರ ಅರ್ಧ ಸಾಕಾಗ್ತಿತ್ತು. ಜೋಡಿ ಈಗ ಮಗನ ಫ್ಲ್ಯಾಟ್‌ನಲ್ಲಿದೆ. ಫೋನಿನಿಂದ ಒಂದು ವೈರ್ ಆಂಪ್ಲಿಫೈಯರ್‌ಗೆ ಹೋಗುತ್ತೆ, ಅಷ್ಟೇ. ಅತ್ತೆ ಹೂದಾನಿ ಇಡೋಕೆ ಬೇರೆ ಸ್ಟೂಲ್ ತಂದಿದ್ದಾರೆ.

ಈ ವಾರ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಟ್ಟದ ಪೆಟ್ಟಿಗೆಯ ಜಾಲರಿ ತೆಗೆದು ಬೆರಳಿಟ್ಟು ನೋಡಿ. ಫೋಮ್ ಉದುರಿದ್ರೆ ಗಾಬರಿ ಬೇಡ, ಸಣ್ಣ ಖರ್ಚಲ್ಲಿ ಆಗೋ ರಿಪೇರಿ ಅದು. ಒಂದನ್ನ ಮಾತ್ರ ಯಾರಿಗೂ ಕೊಡಬೇಡಿ. ಕೊಡೋದಾದ್ರೆ ಎರಡನ್ನೂ ಒಟ್ಟಿಗೆ ಕೊಡಿ.