ಕಾಳು ನಿಲ್ಲಿಸಿದ ಮೇಲೆ ಬಂದ ಹಕ್ಕಿಗಳು

ಇವತ್ತು ನಮ್ಮ ಮನೆ ಕೈತೋಟದ ಒಂದು ಕತೆ ಹೇಳ್ತೀನಿ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ, ನಮ್ಮ ಮನೆಗೆ ಬಂದ್ರು. ಊರಲ್ಲಿ ಅಂಗಳ, ದನಕರು, ಅಕ್ಕಪಕ್ಕದವರು ಅಂತ ಇದ್ದವರಿಗೆ ಇಲ್ಲಿ ಹೊತ್ತೇ ಹೋಗ್ತಿರಲಿಲ್ಲ. ಅವರಿಗೋಸ್ಕರ ಸೀಬೆ ಮರಕ್ಕೆ ಒಂದು ಫೀಡರ್ ಕಟ್ಟಿದೆ. ದಿನಾ ಬೆಳಗ್ಗೆ ಅದಕ್ಕೆ ಅಕ್ಕಿ, ನವಣೆ ಹಾಕಿ, ಕಾಫಿ ಲೋಟ ಹಿಡ್ಕೊಂಡು ಅಡುಗೆಮನೆ ಕಿಟಕಿ ಹತ್ರ ನಿಲ್ಲೋರು.

ಗುಬ್ಬಿ ಬರುತ್ತೆ ಅಂದ್ಕೊಂಡಿದ್ವಿ. ಬಂದಿದ್ದು ಪಾರಿವಾಳ. ಮೊದಲು ಎರಡು, ತಿಂಗಳೊಳಗೆ ಮೂವತ್ತು. ಸಜ್ಜೆ ಮೇಲೆ, ನೀರಿನ ಟ್ಯಾಂಕ್ ಮೇಲೆ, ಎಲ್ಲೆಲ್ಲೂ ಹಿಕ್ಕೆ. ಬೇರೆ ಹಕ್ಕಿ ಹತ್ತಿರವೂ ಸುಳೀತಿರಲಿಲ್ಲ.

ಅಷ್ಟರಲ್ಲಿ ಅಮ್ಮನಿಗೆ ಒಣಕೆಮ್ಮು ಶುರುವಾಯ್ತು. ಡಾಕ್ಟರ್ ಕೇಳಿದ್ರು, "ಮನೆ ಹತ್ರ ಪಾರಿವಾಳ ಇದ್ಯಾ?" ಒಣಗಿದ ಹಿಕ್ಕೆಯ ಪುಡಿ, ಗರಿಯ ಧೂಳು ದಿನವೂ ಉಸಿರಿನ ಜೊತೆ ಒಳಗೆ ಹೋದರೆ ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯಿಂದ ಉರಿಯೂತ ಆಗುತ್ತೆ. ಬಹಳ ಕಾಲ ಹೀಗೇ ಮುಂದುವರಿದರೆ ಆ ಹಾನಿ ಮತ್ತೆ ಸರಿಹೋಗದೇ ಇರಬಹುದು.

ಅವತ್ತೇ ಫೀಡರ್ ಇಳಿಸಿದೆ. ಮಾಸ್ಕ್ ಹಾಕ್ಕೊಂಡು, ಧೂಳು ಏಳದ ಹಾಗೆ ನೀರು ಚಿಮುಕಿಸಿ ಹಿಕ್ಕೆ ತೆಗೆದೆ. ಅಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಹಸಿದು ಬಂದವರನ್ನ ಓಡಿಸಬಾರದು ಕಣೋ" ಅಂದ್ರು. ಏನು ಉತ್ತರ ಕೊಡೋದು ಹೇಳಿ?

ಹಕ್ಕಿ ನೋಡೋ ಹವ್ಯಾಸದ ಸ್ನೇಹಿತರೊಬ್ಬರು ಒಂದು ಮಾತು ಹೇಳಿದ್ರು. ನೀವು ಏನು ಇಡ್ತೀರೋ ಅದನ್ನ ತಿನ್ನೋರೇ ಬರ್ತಾರೆ. ಪಾರಿವಾಳ ಕಾಳು ತಿನ್ನೋ ಹಕ್ಕಿ. ಕಾಳು ಬಿಡಿ, ನೀರಿಡಿ, ಗಿಡ ಬೆಳೆಸಿ.

ಎರಡು ಇಂಚಿಗಿಂತ ಆಳ ಇಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ವಿ, ಮಧ್ಯೆ ಕೂರೋಕೆ ಒಂದು ಕಲ್ಲು. ಸೊಳ್ಳೆ ಆಗದಿರಲಿ ಅಂತ ದಿನಾ ತಟ್ಟೆ ಉಜ್ಜಿ ನೀರು ಬದಲಾಯಿಸ್ತೀವಿ. ದಾಸವಾಳ, ಕೇಪಳ ನೆಟ್ವಿ. ಔಷಧಿ ಹೊಡೆಯೋದು ನಿಲ್ಲಿಸಿದ್ವಿ. ಯಾಕಂದ್ರೆ ಗುಬ್ಬಿ ಕಾಳು ತಿಂದರೂ ಮರಿಗೆ ಕೊಡೋದು ಹುಳು.

ಮೊದಲು ಬಂದಿದ್ದು ಪಿಕಳಾರ, ಅದೇ ಬುಲ್‌ಬುಲ್. ತಲೆ ಮೇಲೆ ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕೆಂಪು ಮಚ್ಚೆ. ಆಮೇಲೆ ದಾಸವಾಳಕ್ಕೆ ಸೂರಕ್ಕಿ. ಒಂದು ದಿನ ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ಬಂದು ಬಾಲ ಎತ್ತಿ ಹಾಡ್ತು. ಅಮ್ಮ ಒಲೆ ಮೇಲಿದ್ದ ಹಾಲು ಮರೆತೇಬಿಟ್ರು.

ಈಗ ಅವರು ಕ್ಯಾಲೆಂಡರ್‌ನಲ್ಲಿ ಬರೆದಿಡ್ತಾರೆ: "ಪಿಕಳಾರ 2, ಸೂರಕ್ಕಿ 1". ನೀವೂ ಬರೆದಿಡಿ. ಪ್ರತಿ ಫೆಬ್ರವರಿಯಲ್ಲಿ 4 ದಿನ ನಡೆಯೋ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ, ಕನಿಷ್ಠ 15 ನಿಮಿಷ ಕೂತು ಎಣಿಸಿದ ಪಟ್ಟಿಯನ್ನ ಇ-ಬರ್ಡ್‌ಗೆ ಸೇರಿಸಬಹುದು.

ಅಮ್ಮನ ಕೆಮ್ಮು ಕಡಿಮೆಯಾಗಿದೆ. ಪಾರಿವಾಳ ಈಗಲೂ ಒಂದೆರಡು ಬರುತ್ತೆ, ನೀರು ಕುಡಿದು ಕಿಟಕಿ ಕಡೆ ನೋಡುತ್ತೆ. ಅಮ್ಮ ಒಳಗಿಂದಲೇ ಹೇಳ್ತಾರೆ, "ಇವತ್ತು ಏನೂ ಇಲ್ಲ, ಮುಂದೆ ಹೋಗ್ರಪ್ಪಾ."