ಗಾಜಿನ ಬೆಟ್ಟಕ್ಕೆ ಯಾವ ಬಣ್ಣ

ಬಣ್ಣದ ಗಾಜಿನ ಚೂರು ಜೋಡಿಸಿ ಮಾಡಿದ ಶರತ್ಕಾಲದ ಬೆಟ್ಟದ ಚಿತ್ರಗಳನ್ನು ಈಚೆಗೆ ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ಇಳಿಜಾರಿಗೆಲ್ಲ ಕೆಂಪು, ಕಿತ್ತಳೆ. ಮೇಲೆ ನೀಲಿ ಆಕಾಶ. ಚೆಂದವೇ. ಆದರೆ ನಮ್ಮ ಸಾಸ್ವೆಹಳ್ಳಿ ಸೀಮೆಯಲ್ಲಿ ಈ ಕೆಲಸಕ್ಕೆ ಕೂತವರು ಆ ಕೆಂಪನ್ನು ಹಾಗೇ ಎತ್ತಿಕೊಳ್ಳಬೇಕಿಲ್ಲ ಅನ್ನಿಸುತ್ತದೆ. ಶರದೃತು ಅಂದರೆ ನಮಗೆ ಆಶ್ವೀಜ, ಕಾರ್ತೀಕ. ತುಂಗಭದ್ರೆಯಲ್ಲಿ ಇನ್ನೂ ನೀರಿರುತ್ತದೆ, ಸೂಳೆಕೆರೆ ಸುತ್ತಲಿನ ಗುಡ್ಡಗಳು ಹಸಿರಾಗಿಯೇ ಇರುತ್ತವೆ. ಹಳದಿ ಏನಿದ್ದರೂ ಕೆಳಗೆ, ರಸ್ತೆ ಬದಿ ಒಣಹಾಕಿದ ಮೆಕ್ಕೆಜೋಳದಲ್ಲಿ, ಬದುವಿನ ತಂಗಡಿ ಹೂವಿನಲ್ಲಿ.

ಚಳಿದೇಶಗಳಲ್ಲಿ ಹಗಲು ಕಿರಿದಾಗಿ ಚಳಿ ಏರಿದಂತೆ ಎಲೆಯ ಹಸಿರು ಕರಗುತ್ತದೆ, ಒಳಗೆ ಮೊದಲೇ ಇದ್ದ ಹಳದಿ ಕಾಣುತ್ತದೆ. ಮೇಪಲ್‌ನಂಥ ಮರಗಳಲ್ಲಿ ಆಂಥೋಸಯನಿನ್ ಎಂಬ ಕೆಂಪು ಹೊಸದಾಗಿಯೇ ಹುಟ್ಟುತ್ತದೆ. ನಮ್ಮ ಕುರುಚಲು ಕಾಡಿನ ಮರಗಳು ಎಲೆ ಉದುರಿಸುವುದು ನೀರಿಲ್ಲದೆ, ಅದೂ ಪುಷ್ಯ, ಮಾಘ ಬಂದ ಮೇಲೆ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಕಾಡು ಆಗ ಬರೀ ಬೂದು, ಕಂದು. ಕೆಂಪಿನ ಸರದಿ ಅದರ ನಂತರ: ಬೋಳು ಮುತ್ತುಗದಲ್ಲಿ ಹೂವಾಗಿ, ಅರಳಿ ಮರದಲ್ಲಿ ಚಿಗುರಾಗಿ. ಅರಳಿಚಿಗುರಿನ ತಾಮ್ರಗೆಂಪಿಗೂ ಆಂಥೋಸಯನಿನ್ನೇ ಕಾರಣ. ಅಲ್ಲಿ ಉದುರುವ ಎಲೆಗೆ ಬರುವ ಬಣ್ಣ ಇಲ್ಲಿ ಹುಟ್ಟುವ ಎಲೆಗೆ ಬರುತ್ತದೆ.

ಗೋಡೆಯ ಅಲಂಕಾರಕ್ಕೆ ಇಷ್ಟೆಲ್ಲ ತಕರಾರೇ ಎಂದು ಯಾರಾದರೂ ಕೇಳಬಹುದು. ಡಬ್ಬಿಯ ಬಣ್ಣವಾದರೆ ಕಲಸಿ ತಿದ್ದಬಹುದು, ಗಾಜಿನ ಬಣ್ಣ ಕುಲುಮೆಯಲ್ಲೇ ತೀರ್ಮಾನವಾಗಿರುತ್ತದೆ. ಕೋಬಾಲ್ಟ್ ಬೆರೆತರೆ ನೀಲಿ. ಸೆಲೆನಿಯಂ ಅಥವಾ ಚಿನ್ನ ಬೆರೆತರೆ ಕೆಂಪು. ಹಸಿರಿಗೆ ಕಬ್ಬಿಣದ ಅಂಶ ಸಾಕು, ಮಾಮೂಲಿ ಕಿಟಕಿ ಗಾಜನ್ನು ಅಂಚಿನ ಕಡೆಯಿಂದ ನೋಡಿದರೂ ಅದು ಕಾಣುತ್ತದೆ. (ನಮ್ಮ ಬೆಟ್ಟಕ್ಕೆ ಖರ್ಚೂ ಕಡಿಮೆ, ಖಾಲಿ ಬಾಟಲಿಗೆ ಯಾವ ಊರಲ್ಲೂ ಬರವಿಲ್ಲ.) ಕಟ್ಟರಿನ ಚಕ್ರವನ್ನು ಒಂದೇ ಸಲ ಎಳೆಯಬೇಕು, ಅದೇ ಗೀರಿನ ಮೇಲೆ ಮತ್ತೆ ಎಳೆದರೆ ಗಾಜು ಗೆರೆ ಬಿಟ್ಟು ಒಡೆಯುತ್ತದೆ. ಸಂದಿಗೆ ತುಂಬುವ ಗ್ರೌಟ್ ಬಿಳಿಯಾದರೆ ಬಣ್ಣಗಳು ಪೇಲವ, ಕಪ್ಪಾದರೆ ಬೆಟ್ಟದ ಅಂಚು ಎದ್ದು ಕಾಣುತ್ತದೆ. ಹೀಗೆ ಚೂರು ಚೂರಿಗೂ ಆರಿಸಿಯೇ ಕೂರಿಸಬೇಕಾದ ಕೆಲಸದಲ್ಲಿ, ಆರಿಸುವ ಮುಂಚೆ ಕಣ್ಣೆದುರಿನ ಗುಡ್ಡವನ್ನೊಮ್ಮೆ ನೋಡುವುದು ಅತಿಯಾದ ಬೇಡಿಕೆಯಲ್ಲ.

ಈ ಕಲೆಯೇ ಹೊರಗಿನದು, ಚಿತ್ರ ಮಾತ್ರ ಯಾಕೆ ನಮ್ಮದಾಗಬೇಕು? ಇದು ಗಟ್ಟಿ ಆಕ್ಷೇಪ. 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದರೆ ಇದಕ್ಕೆ ಒಂದು ಉತ್ತರವಿದೆ. ಬಣ್ಣದ ಗಾಜಿನ ಆ ಚಾವಣಿ ತಯಾರಾದದ್ದು ಗ್ಲಾಸ್ಗೋದಲ್ಲಿ, ಅದರಲ್ಲಿರುವುದು ನವಿಲು. ಹಾಗಂತ ಪರದೇಶದ ಚಿತ್ರವೇ ಕೂಡದು ಎನ್ನಲಾಗದು. ಮೈಸೂರಿನದೇ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳಲ್ಲಿ ಯೇಸುವಿನ ಕಥೆಯಿದೆ. ಅಲ್ಲಿ ಮೊಣಕಾಲೂರುವವರಿಗೆ ಅದು ಪರದೇಶದ್ದಲ್ಲ. ಅಮೆರಿಕದ ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಬಂದ ತಾಯಿ ಮೇಪಲ್ ಕಾಡನ್ನೇ ಜೋಡಿಸಿದರೆ ಅದೂ ಆಕೆ ಕಂಡದ್ದೇ. ನಮ್ಮ ಗುಡ್ಡವನ್ನೇ ಮಾಡಹೊರಟವರಿಗೆ ಮಾತ್ರ ಬೇರೆ ಕಷ್ಟವಿದೆ. ಬಾಟಲಿಯ ಹಸಿರು ಒಂದೇ ಬಗೆ. ಕಾರ್ತೀಕದ ಗುಡ್ಡದಲ್ಲಿ ಬೇವಿನ ಹಸಿರು ಬೇರೆ, ಜಾಲಿಯದು ಬೇರೆ, ಅಷ್ಟರಲ್ಲಾಗಲೇ ಒಣಗತೊಡಗಿದ ಹುಲ್ಲಿನದು ಇನ್ನೂ ಬೇರೆ. ಅಷ್ಟು ಬಗೆಯ ಗಾಜು ಎಲ್ಲಿ ಹುಡುಕುವುದೋ.